ಏಳನೇ ಬಾಟಲಿ

ಜುಲೈ 11, ಗುರುವಾರ. ಬೆಳಗ್ಗೆ 9 ಗಂಟೆ 10 ನಿಮಿಷಕ್ಕೆ ಲುಪಿಂಗ್ ಠಾಣೆಗೆ ಆ ದಿನದ ಮೊದಲ ದೂರು ಬಂತು. ಕಾನ್‌ಸ್ಟೆಬಲ್ ಜೋಂಗ್ ‘ಒಂದು ಬಾಟಲಿ ನೀರು ಕಾಣೆ’ ಎಂದು ಬರೆದುಕೊಂಡ. ಎದುರಿಗೆ ಕೂತಿದ್ದವರು ಅದನ್ನು ತಲೆಕೆಳಗಾಗಿಯೇ ಓದಿ ತಡೆದರು.

"ನೀರಲ್ಲ ಅಂತ ಬರೀರಿ. ನೋಡೋಕೆ ಮಾತ್ರ ನೀರು."

ಜೋಂಗ್ ಪೆನ್ನು ಕೆಳಗಿಟ್ಟು ಒಳಗೆ ಹೋಗಿ ಇನ್‌ಸ್ಪೆಕ್ಟರ್ ಗಾನ್ ಯೂ-ಫೆಂಗ್ ಅವರನ್ನು ಕರೆದ. ಐವತ್ತರ ಹತ್ತಿರದ ಹೆಂಗಸು, ಯೂ-ಫೆಂಗ್ ಆಗಷ್ಟೇ ಸೋಯಾ ಹಾಲಿನ ಲೋಟಕ್ಕೆ ಬಾಯಿಟ್ಟಿದ್ದರು. ಅದನ್ನು ಅರ್ಧಕ್ಕೇ ಬಿಟ್ಟು ಬಂದರು. ಆ ದಿನ ಅವರ ಗಂಟಲಿಗಿಳಿದ ಕೊನೆಯ ನೆಮ್ಮದಿಯ ಗುಟುಕು ಅದೇ.

ದೂರು ತಂದವರು ವೇಯ್ ಬೋ-ಯುವಾನ್, ವಯಸ್ಸು 59. ಪಟ್ಟಣದಾಚೆ ಶೇಂಗಾ ಹೊಲಗಳ ನಡುವೆ ಇರುವ ಜೈಲು ಸಿಬ್ಬಂದಿ ತರಬೇತಿ ಕೇಂದ್ರದ ಹಿರಿಯ ಬೋಧಕ. ಜೈಲಿನೊಳಗೆ ದಿನವೂ ಓಡಾಡುವ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒದಗುವ ಸಾಮಾನುಗಳ ಬಗ್ಗೆ ಅವರು ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದರು. ಲಾಂಡ್ರಿಯ ಪುಡಿ, ತೋಟದ ಗೊಬ್ಬರ, ಬಣ್ಣದಂಗಡಿಯ ದ್ರವ, ಬ್ಯಾಟರಿ, ಹೀಗೆ. ಯಾವುದು ಯಾವುದರ ಪಕ್ಕ ಇರಬಾರದು, ಯಾವುದು ಯಾರ ಕೈಗೆ ಸಿಗಬಾರದು ಎಂಬುದೇ ಆ ಪಾಠದ ತಿರುಳು. ಪಾಠಕ್ಕೆಂದು ಗಾಜಿನ ಬಾಗಿಲಿನ ಒಂದು ಬೀರು, ಬೀರುವಿನಲ್ಲಿ ಹನ್ನೆರಡು ಮಾದರಿಗಳು.

"ಏಳನೇದು ಇಲ್ಲ," ಎಂದರು ವೇಯ್. "ಬಣ್ಣ ಇಲ್ಲ, ಚೀಟಿ ಇಲ್ಲ. ಮಾಮೂಲಿ ಕುಡಿಯೋ ನೀರಿನ ಬಾಟ್ಲಿಯಲ್ಲಿದೆ."

"ಒಳಗಿರೋದು?"

"ಕಲೆ ತೆಗೆಯೋ ಆಮ್ಲ. ಒಂದು ಗುಟುಕು ಸಾಕು, ಗಂಟಲು ಉಳಿಯಲ್ಲ."

"ಅಂಥದ್ದನ್ನ ನೀರಿನ ಬಾಟ್ಲಿಯಲ್ಲಿ ಇಟ್ಟಿದೀರಾ ಮೇಷ್ಟ್ರೇ?"

"ಜೈಲೊಳಗೆ ಗಾಜು ಬಿಡಲ್ಲ, ತಗಡು ಬಿಡಲ್ಲ. ಎಲ್ಲಾನೂ ಪ್ಲಾಸ್ಟಿಕ್ ಬಾಟ್ಲಿಗೆ ಸುರಿದೇ ಒಳಗೆ ತಗೊಂಡು ಹೋಗೋದು. ಅದೇ ನಮ್ಮ ರೋಗ. ಅದನ್ನ ತೋರ್ಸೋಕೇ ಏಳನೇ ಬಾಟ್ಲಿ ಇದ್ದಿದ್ದು."

ಹೇಳುವಾಗ ಅವರ ಮೊಣಕಾಲು ಮೇಜಿನ ಕೆಳಗೆ ಒಂದೇ ಸಮನೆ ಕುಣಿಯುತ್ತಿತ್ತು. ಯೂ-ಫೆಂಗ್ ಅದನ್ನು ಗಮನಿಸಿದರು. ಇಂಥ ವಸ್ತು ಕಳೆದುಕೊಂಡವನ ಕಾಲು ಕುಣಿಯದೆ ಇನ್ನೇನಾದೀತು ಎಂದುಕೊಂಡು ಸುಮ್ಮನಾದರು. 9.35ಕ್ಕೆ ಎಫ್‌ಐಆರ್ ದಾಖಲಾಯಿತು. ಹೊರಗೆ ಆಗಲೇ ಮೂವತ್ತಮೂರು ಡಿಗ್ರಿ ಬಿಸಿಲು. ಕೇಂದ್ರದಲ್ಲಿ ಎಂಬತ್ನಾಲ್ಕು ಮಂದಿ ತರಬೇತಿಯವರು ಬಾಯಾರಿ ಕವಾಯತು ಮಾಡುತ್ತಿದ್ದಾರೆ ಎಂದು ಯೂ-ಫೆಂಗ್‌ಗೆ ಗೊತ್ತಿತ್ತು. ಹಾಗಾಗಿ ಜೀಪನ್ನು ತಾವೇ ಓಡಿಸಿದರು.

ಕೇಂದ್ರದ ನಿರ್ದೇಶಕ ಟೆಂಗ್ ಬಾಗಿಲಲ್ಲೇ ಸಿಕ್ಕರು. ವೇಯ್ ಕಡೆ ನೋಡಿದ ನೋಟದಲ್ಲೇ ಅರ್ಧ ಮಾತಾಡಿ ಮುಗಿಸಿದ್ದರು.

"ಮೇಡಂ, ಇಷ್ಟಕ್ಕೆಲ್ಲ ಪೊಲೀಸ್ ಯಾಕೆ? ನೋಂದಣಿ ಪುಸ್ತಕ ನೋಡಿ. ನಿನ್ನೆ ಸಂಜೆವರೆಗೂ ಹನ್ನೆರಡಕ್ಕೆ ಹನ್ನೆರಡೂ ಸರಿಯಾಗಿದೆ ಅಂತ ಸಹಿ ಇದೆ."

"ಸಹಿ ಇದೆ, ಬಾಟ್ಲಿ ಇಲ್ಲ. ನಾನು ಯಾವುದನ್ನ ಹುಡುಕಲಿ ಸಾರ್?"

10.20ಕ್ಕೆ ಇಬ್ಬರು ಪಂಚರ ಎದುರು ಬೀರುವಿನ ಪಂಚನಾಮೆ ಶುರುವಾಯಿತು. ಬೀಗ ಅಂಕಿ ಒತ್ತುವ ಮಾದರಿಯದು, ಒಡೆದ ಗುರುತಿಲ್ಲ. ಅಂಕಿ ಗೊತ್ತಿದ್ದವರು ಐವರು ಬೋಧಕರು, ವೇಯ್ ಸೇರಿ. ಜೋಂಗ್ ಬಾಟಲಿಗಳನ್ನು ಒಂದೊಂದಾಗಿ ಎತ್ತಿದ. ಪ್ರತಿಯೊಂದರ ಕೆಳಗೂ ಹಲಗೆ ಗುಂಡಗೆ ಶುಭ್ರವಾಗಿತ್ತು. ಏಳನೆಯದರ ಜಾಗದಲ್ಲಿ ಮಾತ್ರ ತೆಳುವಾಗಿ ಧೂಳು ಕೂತಿತ್ತು.

"ಇದು ಒಂದು ದಿನದ ಧೂಳಲ್ಲ ಮೇಡಂ," ಎಂದ ಜೋಂಗ್. "ವಾರದ್ದು. ನಮ್ಮನೇಲಿ ವ್ಯಾಯಾಮದ ಸೈಕಲ್ ಮೇಲೆ ಹಿಂಗೇ ಇರುತ್ತೆ, ನಂಗೆ ಚೆನ್ನಾಗಿ ಗೊತ್ತು."

ವಾರದಿಂದ ಇಲ್ಲದ ಬಾಟಲಿಗೆ ನಿನ್ನೆ ಸಂಜೆಯೂ ಸಹಿ ಬಿದ್ದಿತ್ತು. ಯೂ-ಫೆಂಗ್ ಸಹಿ ಹಾಕಿದವರನ್ನು ಒಬ್ಬೊಬ್ಬರಾಗಿ ಕರೆಸಿದರು. ಕೊನೆಯ ಎರಡು ದಿನದ ಸಹಿ ಶೆನ್ ಎಂಬ ಬೋಧಕನದು. ತಲೆಗೆ ಎಣ್ಣೆ ಹಾಕಿ ಅಚ್ಚುಕಟ್ಟಾಗಿ ಬಾಚಿಕೊಂಡಿದ್ದ ಆಸಾಮಿ.

"ಬುಧವಾರ ಸಂಜೆ ಹನ್ನೆರಡು ಇತ್ತಾ?"

"ಇತ್ತು ಅಂತ ಸಹಿ ಹಾಕಿದೀನಿ."

"ಎಣಿಸಿದ್ರಾ?"

"ಸಹಿ ಹಾಕಿದೀನಿ ಮೇಡಂ."

"ನಾನು ಕೇಳಿದ್ದು ಎಣಿಸಿದ್ರಾ ಅಂತ."

ಶೆನ್ ತನ್ನ ಬೂಟು ನೋಡಿಕೊಂಡ. "ಅದು ಯಾವತ್ತೂ ಹನ್ನೆರಡೇ ಇರುತ್ತಲ್ಲ," ಎಂದ.

"ಈ ಒಂದು ವಾರದಲ್ಲಿ ಬಾಟ್ಲಿಗಳ ವಿಷಯ ಏನಾದರೂ ಕಿವಿಗೆ ಬಿತ್ತಾ?"

"ಇಲ್ಲ. ಏನೂ ಇಲ್ಲ."

ಉಳಿದ ಮೂವರದೂ ಇದೇ ರಾಗ. ಸುಳ್ಳು ಹೇಳುವ ಕಳ್ಳರನ್ನು ಯೂ-ಫೆಂಗ್ ಇಪ್ಪತ್ತಾರು ವರ್ಷ ಸಹಿಸಿದ್ದರು. ಸುಳ್ಳು ಎಂಬ ಅರಿವೇ ಇಲ್ಲದೆ ಸಹಿ ಹಾಕುವ ಸಭ್ಯರನ್ನು ಕಂಡರೆ ಮಾತ್ರ ಅವರಿಗೆ ಮೈ ಉರಿಯುತ್ತಿತ್ತು.

12 ಗಂಟೆಗೆ ಊಟದ ಡಬ್ಬಿಗಳು ಬಂದವು. ಅನ್ನ, ಹಂದಿಮಾಂಸದ ಹುರಿದ ತುಂಡು, ಅರ್ಧ ಮೊಟ್ಟೆ. ಜೊತೆಗೆ ಉಗ್ರಾಣದಿಂದ ಕ್ರೇಟುಗಟ್ಟಲೆ ನೀರಿನ ಬಾಟಲಿ. ಅದನ್ನು ಕಂಡಿದ್ದೇ ಯೂ-ಫೆಂಗ್ ಕೈಯೆತ್ತಿ ತಡೆದರು. ಒಬ್ಬರೂ ಬಾಟಲಿ ಮುಟ್ಟಕೂಡದು, ಕುಡಿಯುವವರು ತಮ್ಮ ಫ್ಲಾಸ್ಕಿಗೆ ನಲ್ಲಿಯ ಶೋಧಕದಿಂದ ಹಿಡಿದುಕೊಳ್ಳಬೇಕು ಎಂದು ಆಜ್ಞೆಯಾಯಿತು. ಎಂಬತ್ನಾಲ್ಕು ಜನಕ್ಕೆ ಇದ್ದದ್ದು ಎರಡೇ ನಲ್ಲಿ.

"ಪೊಲೀಸ್ರು ಬಂದ್ರೆ ನೀರೂ ಬಂದ್," ಎಂದು ಸಾಲಿನಲ್ಲಿ ಯಾರೋ ಗೊಣಗಿದರು.

ಜೋಂಗ್ ಉಗ್ರಾಣದ ಹದಿನಾಲ್ಕು ಕ್ರೇಟುಗಳನ್ನೂ ಇಳಿಸಿ ಪ್ರತಿ ಬಾಟಲಿಯ ಮುಚ್ಚಳ ನೋಡಿದ. ಎಲ್ಲದರ ಸೀಲೂ ಗಟ್ಟಿಯಾಗಿತ್ತು. ಬೆವರು ಒರೆಸಿಕೊಳ್ಳುತ್ತ ಬಂದು ಅದನ್ನೇ ಹೇಳಿದ. ಯೂ-ಫೆಂಗ್ ಮೊಗಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ನೆಲ ಒರೆಸುವ ಹೆಂಗಸಿನ ಬಕೆಟ್ಟನ್ನು ಎರಡು ಸಲ ದಾಟಿದರು, ಮೂರನೇ ಸಲ ಎಡವಿದರು.

1.40ಕ್ಕೆ ಅವರು ಮತ್ತೆ ಬೀರುವಿನ ಮುಂದೆ ಬಂದು ನಿಂತರು. ಈ ಸಲ ಕಣ್ಣು ಮೇಲಕ್ಕೆ ಹೋಯಿತು. ಬೀರುವಿನ ನೆತ್ತಿಯ ಮೇಲೆ ಜೋಳದ ಕುರುಕಲಿನ ಹಸಿರು ಪೊಟ್ಟಣವೊಂದು ಕೂತಿತ್ತು. ಅದರಲ್ಲಿ ವಿಶೇಷವೇನಿಲ್ಲ. ಇಟ್ಟರೆ ಯಂತ್ರವಾಗಲಿ ಅಪಾಯದ ಸಾಮಾನಾಗಲಿ ಹಟ ಮಾಡದೆ ಹೇಳಿದ ಮಾತು ಕೇಳುತ್ತದೆ ಎಂದು ಈ ನಾಡಿನ ನಂಬಿಕೆ. ಠಾಣೆಯ ಕಂಪ್ಯೂಟರಿನ ಮೇಲೂ ಒಂದಿದೆ, ಆಸ್ಪತ್ರೆಯ ಯಂತ್ರಗಳ ಮೇಲೂ ಇರುತ್ತದೆ. ಹಸಿರೇ ಆಗಬೇಕು, ಅವಧಿ ಮೀರಿರಬಾರದು. ಮೀರಿದ ಪೊಟ್ಟಣ ಇಡುವುದಕ್ಕಿಂತ ಇಡದಿರುವುದೇ ವಾಸಿ.

"ಜೋಂಗ್, ಇಲ್ಲಿ ಪೊಟ್ಟಣ ಬದಲಾಯಿಸೋದು ಯಾರಂತೆ?"

ವಿಚಾರಿಸಿದಾಗ ತಿಳಿಯಿತು: ಕಚೇರಿಯ ಲಿಯಾವ್ ಮೇಡಂ. ಪ್ರತಿ ಪೊಟ್ಟಣದ ಹಿಂದೆ ಪೆನ್ಸಿಲಿನಲ್ಲಿ ತಮ್ಮ ಗುರುತು ಹಾಕುತ್ತಾರೆ. ಮಗಳ ಬಾಣಂತನಕ್ಕೆಂದು ಜೂನ್ 20ರಿಂದ ರಜೆ. ಜೋಂಗ್ ಕಟ್ಟಡವೆಲ್ಲ ಸುತ್ತಿ ಬಂದ.

"ಮುದ್ರಣ ಯಂತ್ರ, ಪ್ರೊಜೆಕ್ಟರ್, ಲಿಫ್ಟ್, ಎಲ್ಲದರ ಮೇಲೂ ಅವರ ಗುರುತು ಇದೆ ಮೇಡಂ. ಎಲ್ಲದರ ಅವಧಿನೂ ಜೂನ್ 30ಕ್ಕೇ ಮುಗಿದಿದೆ. ಲಿಫ್ಟಲ್ಲಿ ಹತ್ತೋಕೆ ನಂಗೆ ಧೈರ್ಯ ಬರಲಿಲ್ಲ, ಮೆಟ್ಲು ಇಳ್ಕೊಂಡೇ ಬಂದೆ."

ಬೀರುವಿನ ಮೇಲಿದ್ದ ಪೊಟ್ಟಣ ಮಾತ್ರ ಹೊಸದು. ಅವಧಿ ಮುಂದಿನ ಜನವರಿ 18ರವರೆಗೆ. ಹಿಂದೆ ಪೆನ್ಸಿಲಿನ ಗುರುತಿಲ್ಲ.

ಯಾರೋ ಜೂನ್ 30 ಕಳೆದ ಮೇಲೆ ಈ ಬೀರು ತೆಗೆದಿದ್ದಾರೆ. ಕದಿಯಲು ಬಂದ ಕೈ, ಹಳೆಯ ಪೊಟ್ಟಣ ಕಂಡು ತಡೆದುಕೊಳ್ಳಲಾರದೆ ಹೊಸದನ್ನಿಟ್ಟು ಹೋಗಿದೆ. ಒಳಗಿರುವುದು ಎಂಥ ಪದಾರ್ಥವೆಂದು ಚೆನ್ನಾಗಿ ಗೊತ್ತಿದ್ದು, ಅದಕ್ಕೆ ನಿಜವಾಗಿ ಹೆದರುವವನು ಮಾತ್ರ ಮಾಡುವ ಕೆಲಸ ಅದು. ಎಣಿಸದೆ ಸಹಿ ಹಾಕುವ ನಾಲ್ವರಿಗೆ ಅಷ್ಟು ಭಯಭಕ್ತಿ ಇರಲು ಸಾಧ್ಯವಿಲ್ಲ. ಯೂ-ಫೆಂಗ್‌ಗೆ ಉಳಿದವರು ಐದನೆಯ ಬೋಧಕರೊಬ್ಬರೇ, ಆ ಮನುಷ್ಯ ಅವರಿಗೆ ಬೆಳಗ್ಗೆಯೇ ಇಷ್ಟವಾಗಿದ್ದರು.

2.15ಕ್ಕೆ ವೇಯ್ ಕೋಣೆ. ಅವರು ಕೂತಿರಲಿಲ್ಲ, ಕಿಟಕಿಯ ಬಳಿ ನಿಂತು ಮೈದಾನದಲ್ಲಿದ್ದವರ ಕೈಗಳನ್ನು ನೋಡುತ್ತಿದ್ದರು, ಯಾರ ಕೈಯಲ್ಲಿ ಏನಿದೆ ಎಂದು. ಮೂಲೆಯಲ್ಲಿದ್ದ ಹಳೆಯ ಫ್ಯಾನಿನ ಮೋಟಾರಿನ ಮೇಲೆ ಹಸಿರು ಪೊಟ್ಟಣ. ಯೂ-ಫೆಂಗ್ ಅದನ್ನು ತಿರುಗಿಸಿ ನೋಡಿದರು. ಜನವರಿ 18.

"ಬೀರುವಿನ ಮೇಲೆ ಇದರ ಜೋಡಿ ಇದೆ ಮೇಷ್ಟ್ರೇ."

ವೇಯ್ ಪೊಟ್ಟಣವನ್ನೇ ನೋಡಿದರು.

"ಹಳೇದನ್ನ ಹಂಗೇ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ," ಎಂದರು.

"ಬಾಟ್ಲಿ ಎಲ್ಲಿ?"

"ಗೊತ್ತಿಲ್ಲ. ಅದಕ್ಕೇ ನಿಮ್ಮ ಹತ್ರ ಓಡಿ ಬಂದಿದ್ದು."

ಜುಲೈ 2ರ ಸಂಜೆ ಅವರೇ ಏಳನೇ ಬಾಟಲಿ ತೆಗೆದಿದ್ದರು. ಹಿಂದಿನ ಕಟ್ಟಡದಲ್ಲಿ ಅಭ್ಯಾಸಕ್ಕೆಂದು ಕಟ್ಟಿದ ಅಣಕು ಜೈಲು ಇದೆ. ಅದರ ಕಾವಲು ಮೇಜಿನ ಮೇಲೆ, ಎಲ್ಲರ ಕಣ್ಣಿಗೂ ಬೀಳುವಂತೆ ಅದನ್ನು ಇಟ್ಟರು. ಚೀಟಿ ಇಲ್ಲದ, ಸೀಲು ಒಡೆದ ಬಾಟಲಿ ಮೇಜಿನ ಮೇಲೆ ಕಂಡರೆ ಏನು ಮಾಡಬೇಕು ಎಂಬುದನ್ನು ಕಲಿತಿದ್ದೇವೆ ಎಂದು ಎಂಬತ್ನಾಲ್ಕು ಜನವೂ ಸಹಿ ಹಾಕಿಯಾಗಿತ್ತು. ಒಬ್ಬರಾದರೂ ಕೇಳುತ್ತಾರಾ ಎಂದು ನೋಡಬೇಕಿತ್ತು. ಯಾರೂ ಕುಡಿಯದಂತೆ ದಿನವೂ ತಾವೇ ಪಕ್ಕದ ಕೋಣೆಯಲ್ಲಿ ಕಾದರು. ಎಂಟು ದಿನ ಕಳೆಯಿತು. ಯಾರೂ ಕೇಳಲಿಲ್ಲ. ಬುಧವಾರ ಮಧ್ಯಾಹ್ನ ಅವರನ್ನು ಸಭೆಗೆ ಕರೆದರು. ಸಭೆ ಮುಗಿಸಿ ಬಂದಾಗ ಮೇಜು ಖಾಲಿ ಇತ್ತು. ರಾತ್ರಿಯೆಲ್ಲ ಯಾರಿಗೂ ಹೇಳದೆ ಒಬ್ಬರೇ ಹುಡುಕಿ ಸೋತಿದ್ದರು.

"ಐದು ಗಂಟೆ," ಎಂದರು ಯೂ-ಫೆಂಗ್. "ಬೆಳಗ್ಗೆ ಒಂಬತ್ತಕ್ಕೆ ಇಷ್ಟು ಹೇಳಿದ್ದಿದ್ರೆ ನಾನು ಬೀರು ಅಳೀತಾ ಕೂತಿರ್ತಿರಲಿಲ್ಲ. ಮೇಜಿನಿಂದ ಶುರು ಮಾಡ್ತಿದ್ದೆ. ನಿಮ್ಮ ಮರ್ಯಾದೆ ಉಳಿಸ್ಕೊಳ್ಳೋಕೆ ಐದು ಗಂಟೆ ತಿಂದ್ರಲ್ಲ ನೀವು."

ವೇಯ್ ತಲೆ ಎತ್ತಲಿಲ್ಲ. "ತಿಂದೆ," ಎಂದರು.

ಬುಧವಾರ ಅಣಕು ಜೈಲಿನ ಪಾಳಿಯಲ್ಲಿದ್ದವಳು ಚಿಯಾ-ರೊಂಗ್ ಎಂಬ ತರಬೇತಿಯವಳು. ಮೇಜು ಚೊಕ್ಕಟ ಮಾಡು ಎಂದು ಹೇಳಿದ್ದರಂತೆ, ಮಾಡಿದ್ದಳು.

"ನೀರಿನ ಬಾಟ್ಲಿ ಇತ್ತು ಮೇಡಂ. ಹಾಳು ಮಾಡೋದ್ಯಾಕೆ ಅಂತ ಉಗ್ರಾಣದ ಕ್ರೇಟಿಗೆ ಹಾಕಿದೆ."

"ಉಗ್ರಾಣದ ಕ್ರೇಟೆಲ್ಲ ನಾನೇ ನೋಡಿದೀನಿ," ಎಂದ ಜೋಂಗ್. "ಹದಿನಾಲ್ಕು."

"ಇಪ್ಪತ್ತಿತ್ತಲ್ಲ ಸಾರ್. ಆರು ಬೆಳಗ್ಗೆ ಎಂಟಕ್ಕೆ ಜೈಲಿಗೆ ಹೋಯ್ತು. ಶನಿವಾರ ಕೈದಿಗಳ ಕ್ರೀಡಾಕೂಟ, ಇವತ್ತು ಅದರ ಅಭ್ಯಾಸ."

ಮಾತು ಮುಗಿಯುವ ಮೊದಲೇ ಯೂ-ಫೆಂಗ್ ಫೋನು ಹಚ್ಚಿದ್ದರು. ಆ ಕಡೆಯಿಂದ ಜೈಲಿನ ಅಧಿಕಾರಿ ನಿಧಾನವಾಗಿ ಹೇಳಿದರು: "ನೀರಾ? ಮರದ ಕೆಳಗಿಟ್ಟಿದೀವಿ. ಓಟ ಮುಗೀತು, ಕುಡೀತಿದಾರೆ. ಒಂದು ಕ್ರೇಟ್ ಖಾಲಿ."

"ನಿಲ್ಸಿ," ಎಂದರು ಯೂ-ಫೆಂಗ್. "ಎಲ್ಲರ ಕೈಯಿಂದ ಕಿತ್ಕೊಳ್ಳಿ. ಈಗಲೇ."

ಜೀಪು 2.50ಕ್ಕೆ ಹೊರಟಿತು. ಬಾಟಲಿ ಗುರುತಿಸಲು ವೇಯ್ ಹಿಂದಿನ ಸೀಟಿನಲ್ಲಿದ್ದರು. ಇಪ್ಪತ್ತೈದು ನಿಮಿಷದ ದಾರಿಯುದ್ದಕ್ಕೂ ಯಾರ ಫೋನು ಸದ್ದು ಮಾಡಿದರೂ ಮೂವರಿಗೂ ಜೀವ ಬಾಯಿಗೆ ಬರುತ್ತಿತ್ತು.

"ಯಾಕೆ ಮಾಡಿದ್ರಿ?" ಎಂದರು ಯೂ-ಫೆಂಗ್, ರಸ್ತೆಯಿಂದ ಕಣ್ಣು ತೆಗೆಯದೆ.

"ಮಿಂಗ್-ಹಾನ್ ಅಂತ ಒಬ್ಬ ಹುಡುಗ. ಇಪ್ಪತ್ತಾರು ವಯಸ್ಸು. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಹೋದ ವರ್ಷ ಮಾರ್ಚಲ್ಲಿ ಜೈಲಿನ ಲಾಂಡ್ರಿಯಲ್ಲಿ ಒಂದರಲ್ಲಿ ಉಳಿದಿದ್ದನ್ನ ಇನ್ನೊಂದಕ್ಕೆ ಸುರಿದುಬಿಟ್ಟ. ಎರಡೂ ಒಂದೇ ಥರದ ಬಾಟ್ಲಿ, ಚೀಟಿ ಇಲ್ಲ. ವಿಷದ ಹೊಗೆ ಎದ್ದಿತು. ಕೈದಿಗಳನ್ನೆಲ್ಲ ಹೊರಗೆ ನೂಕಿ, ತಾನು ಕೊನೇಲಿ ಬಂದ. ಈಗ ಒಂದು ಮಹಡಿ ಹತ್ತೋಕೆ ಎರಡು ಸಲ ಕೂರ್ತಾನೆ."

"ವಿಚಾರಣೆ ಆಗಲಿಲ್ವಾ?"

"ಆಯ್ತು. ಸಿಬ್ಬಂದಿಯ ನಿರ್ಲಕ್ಷ್ಯ ಅಂತ ಬರೆದ್ರು. ಯಾಕೆಂದ್ರೆ ಪೂರ್ತಿ ತರಬೇತಿ ಆಗಿದೆ ಅಂತ ಹಾಳೇಲಿತ್ತು. ಎರಡು ದಿನದ ಪಾಠನ ನಲವತ್ತು ನಿಮಿಷದ ವಿಡಿಯೋ ಮಾಡಿದ್ರು ಮೇಡಂ. ನೋಡಿದ್ರೆ ಸಾಕು, ಸಹಿ ಹಾಕ್ಸಿ ಅಂದ್ರು. ಆ ಹಾಳೆ ಕೆಳಗೆ ಬೋಧಕನ ಸಹಿ ನಂದೇ. ಪೂರ್ತಿ ಕಲಿಸಿದೀನಿ ಅಂತ ನಾನೇ ಬರ್ಕೊಟ್ಟಿದ್ದೆ."

ಜೋಂಗ್ ಹೊರಗೆ ಹೊಲಗಳನ್ನು ನೋಡುತ್ತ ಕೂತ.

ಜೈಲಿನ ಮೈದಾನದಲ್ಲಿ ಕೈದಿಗಳು ಬಿಸಿಲಿನಲ್ಲಿ ಸಾಲಾಗಿ ಕೂತಿದ್ದರು, ಸಿಟ್ಟಿನ ಮುಖ, ಒಣಗಿದ ತುಟಿ. ಮರದ ಕೆಳಗೆ ಬಾಟಲಿಗಳ ರಾಶಿ. ಒಬ್ಬನ ಕೈಯಿಂದ ಕಿತ್ತುಕೊಂಡ, ಅರ್ಧ ಕುಡಿದ ಬಾಟಲಿಯೂ ಅದರಲ್ಲಿತ್ತು. ಆರು ಕ್ರೇಟು, ಕ್ರೇಟಿಗೆ ಇಪ್ಪತ್ನಾಲ್ಕು. ಜೋಂಗ್ ಎಣಿಸಿದ, ಯೂ-ಫೆಂಗ್ ಎಣಿಸಿದರು, ವೇಯ್ ಒಂದೊಂದನ್ನೂ ಬೆಳಕಿಗೆ ಹಿಡಿದು ಅಲ್ಲಾಡಿಸಿ ನೋಡಿದರು. ಖಾಲಿಯಾದವು ಸೇರಿ ನೂರ ನಲವತ್ನಾಲ್ಕು. ಎಲ್ಲವೂ ನೀರು. ಯಾರಿಗೂ ಏನೂ ಆಗಿರಲಿಲ್ಲ. ಏಳನೆಯದು ಮಾತ್ರ ಅಲ್ಲಿ ಇರಲಿಲ್ಲ.

ನಿರಾಳವಾಗಬೇಕಾದ ಜಾಗದಲ್ಲಿ ಯೂ-ಫೆಂಗ್‌ಗೆ ಇನ್ನೂ ದಿಗಿಲಾಯಿತು. ಇಲ್ಲಿಲ್ಲವೆಂದರೆ ಎಲ್ಲಿಯಾದರೂ ಇರಬಹುದು. ಯಾರದೋ ಚೀಲದಲ್ಲಿ, ಯಾರದೋ ಸ್ಕೂಟರಿನ ಡಿಕ್ಕಿಯಲ್ಲಿ, ಯಾರದೋ ಮನೆಯ ಫ್ರಿಜ್ಜಿನಲ್ಲಿ.

4.30ಕ್ಕೆ ಕೇಂದ್ರಕ್ಕೆ ಮರಳಿದರು. ಮೊಗಸಾಲೆಯಲ್ಲಿ ಅದೇ ಬಕೆಟ್ಟು ಅಡ್ಡ ಬಂತು. ನೆಲ ಒರೆಸುವ ಅ-ಯಿನ್ ಅದನ್ನು ಪಕ್ಕಕ್ಕೆಳೆದುಕೊಂಡು, ಬೆಳಗ್ಗೆಯಿಂದ ತನ್ನ ನೆಲವನ್ನು ತುಳಿದು ಹಾಳು ಮಾಡಿದ ಬೂಟುಗಳನ್ನೊಮ್ಮೆ ನೋಡಿದಳು. ಅರವತ್ತು ದಾಟಿದವಳು, ಹೂವಿನ ತೋಳುಗವಸು, ಕುತ್ತಿಗೆಗೆ ಒದ್ದೆ ಟವೆಲು.

"ಏನು ಮೇಡಂ, ಅಷ್ಟೊತ್ತಿಂದ ಹುಡುಕ್ತಿದೀರಿ? ಆ ಸೀಲಿಲ್ಲದ ಬಾಟ್ಲಿನಾ?"

ಯೂ-ಫೆಂಗ್ ನಿಂತಲ್ಲೇ ನಿಂತರು. "ನಿಮಗೆ ಗೊತ್ತಾ ಅಕ್ಕ?"

"ನಿನ್ನೆ ಸಂಜೆ ಕ್ರೇಟ್ ಜೋಡಿಸ್ತಿದ್ದೆ. ಇಪ್ಪತ್ನಾಲ್ಕರ ಕ್ರೇಟಲ್ಲಿ ಇಪ್ಪತ್ತೈದನೇದು ಮೇಲೆ ಮಲಗಿತ್ತು. ಚೀಟಿ ಇಲ್ಲ, ಮುಚ್ಚಳದ ಬಳೆ ಒಡೆದಿತ್ತು. ಇದು ನಮ್ಮ ಮೇಷ್ಟ್ರ ಬೀರುವಿಂದು ಅಂತ ಆಗಲೇ ಗೊತ್ತಾಯ್ತು."

"ಮುಚ್ಚಳ ತೆಗೆದ್ರಾ?"

"ಯಾಕೆ ತೆಗೀಲಿ? ತೆಗೀಬಾರದು, ಮೂಸಬಾರದು, ಚರಂಡಿಗೆ ಸುರೀಬಾರದು. ನೆಟ್ಟಗೆ ನಿಲ್ಸಿ, ಬೇರೇದ್ರಿಂದ ದೂರ ಇಟ್ಟು, ಬೀಗ ಹಾಕಿ, ಹೇಳಬೇಕಾದವರಿಗೆ ಹೇಳಬೇಕು." ಅವಳು ಪಾಠ ಒಪ್ಪಿಸಿದಂತೆ ಒಂದೇ ಉಸಿರಿಗೆ ಹೇಳಿದಳು.

"ಯಾರಿಗೆ ಹೇಳಿದ್ರಿ?"

"ಶೆನ್ ಸಾರ್‌ಗೆ. ಪುಸ್ತಕಕ್ಕೆ ಸಹಿ ಹಾಕ್ತಾ ಇದ್ರು. ನಾಳೆ ನೋಡೋಣ ಬಿಡಕ್ಕ ಅಂದ್ರು. ನೀವು ಬಂದಾಗ ಅವರೇ ಹೇಳಿರ್ತಾರೆ ಅಂದ್ಕೊಂಡೆ. ನನ್ನನ್ನ ಯಾರು ಕೇಳಿದ್ರು?"

ಯಾರೂ ಕೇಳಿರಲಿಲ್ಲ. ಐವರು ಬೋಧಕರನ್ನು ಕೇಳಿಯಾಗಿತ್ತು, ನಿರ್ದೇಶಕರನ್ನು ಕೇಳಿಯಾಗಿತ್ತು. ಬಕೆಟ್ಟನ್ನು ಮಾತ್ರ ಮೂರು ಸಲ ದಾಟಿಹೋಗಿದ್ದರು. ಯೂ-ಫೆಂಗ್‌ಗೆ ನಾಚಿಕೆಯಾಯಿತು. ಅದನ್ನು ಅವರು ದಿನಚರಿಯಲ್ಲಿ ಬರೆಯಲಿಲ್ಲ, ಆದರೆ ಮರೆಯಲೂ ಇಲ್ಲ.

ಹಿತ್ತಲಿನ ಸಾಮಾನು ಗೂಡಿಗೆ ಅ-ಯಿನ್ ಬೀಗ ಹಾಕಿದ್ದಳು. ಒಳಗೆ ಪೊರಕೆಗಳನ್ನೆಲ್ಲ ಹೊರಗಿಟ್ಟು ಜಾಗ ಖಾಲಿ ಮಾಡಿದ್ದಳು, ಗಾಳಿಗಿಂಡಿ ತೆರೆದಿತ್ತು. ನಡುವೆ ಒಣ ಬೋಗುಣಿ, ಬೋಗುಣಿಯಲ್ಲಿ ನೆಟ್ಟಗೆ ನಿಂತ ಬಾಟಲಿ. ಅದಕ್ಕೆ ಅಂಟಿಸಿದ ಕಾಗದದ ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ಏಳನೇದು. ನೀರಲ್ಲ.’

5.05ಕ್ಕೆ ಎರಡನೇ ಪಂಚನಾಮೆ ಮುಗಿಯಿತು. ಬಾಟಲಿ ಸೀಲಾಗಿ ಪ್ರಯೋಗಾಲಯಕ್ಕೆ ಹೋಯಿತು. ಶೆನ್‌ನನ್ನು ಕರೆಸಿ ಕೇಳಿದಾಗ ಅವನು ನಿಜಕ್ಕೂ ಬೆರಗಾದ. "ಅಯ್ಯೋ, ಅದು ಇದೇನಾ? ಅವಳು ಏನೇನೋ ಹೇಳ್ತಿರ್ತಾಳೆ ಅಂತ ನಾನು ತಲೆ ಕೆಡಿಸ್ಕೊಳ್ಳಲಿಲ್ಲ," ಎಂದ. ಅವನ ಮೇಲೆ ಮತ್ತು ಉಳಿದ ಮೂವರು ಸಹಿದಾರರ ಮೇಲೆ ಪ್ರತ್ಯೇಕ ವರದಿ ಬರೆಯುವುದಾಗಿ ಯೂ-ಫೆಂಗ್ ನಿರ್ದೇಶಕ ಟೆಂಗ್ ಅವರಿಗೆ ತಿಳಿಸಿದರು. ಟೆಂಗ್ ಪತ್ರಿಕೆಯವರ ವಿಷಯ ಏನೋ ಹೇಳಹೊರಟು, ಯೂ-ಫೆಂಗ್ ಮುಖ ನೋಡಿ ನುಂಗಿಕೊಂಡರು.

5.40ಕ್ಕೆ ಠಾಣೆಯಲ್ಲಿ ವೇಯ್ ಬೋ-ಯುವಾನ್ ಅವರನ್ನು ವಿಧ್ಯುಕ್ತವಾಗಿ ಬಂಧಿಸಲಾಯಿತು. ಅಪಾಯಕಾರಿ ವಸ್ತುವನ್ನು ಕದ್ದು ಜನರ ಪ್ರಾಣಕ್ಕೆ ಕುತ್ತು ತಂದದ್ದು, ಪೊಲೀಸರಿಗೆ ಸುಳ್ಳು ಹೇಳಿದ್ದು. ಜೋಂಗ್ ಹೇಳಿಕೆ ಟೈಪು ಮಾಡಿ ಮುಂದಿಟ್ಟ. ವೇಯ್ ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಬೆರಳಿಟ್ಟು ಓದಿದರು. ಓದಿ ಮುಗಿಸಿ, ಎರಡನೇ ಪುಟದಲ್ಲಿ ಒಂದು ತಾರೀಖು ತಪ್ಪಾಗಿದೆ ಎಂದು ತೋರಿಸಿದರು. ಸರಿಪಡಿಸಿದ ಮೇಲೇ ಸಹಿ ಮಾಡಿದರು.

"ಕಾನೂನು ಏನು ಹೇಳುತ್ತೋ ಅದಾಗಲಿ ಮೇಡಂ," ಎಂದರು. "ಒಂದು ವಿಷಯ ಹೇಳ್ತೀರಾ? ಅ-ಯಿನ್‌ಗೆ ಇದನ್ನೆಲ್ಲ ಯಾರು ಹೇಳ್ಕೊಟ್ರಂತೆ?"

"ನೀವೇ. ನಿಮ್ಮ ಪಾಠ ನಡೀವಾಗ ಬಾಗಿಲಾಚೆ ಮೊಗಸಾಲೆ ಒರೆಸೋದು ಅವರ ಪಾಳಿ. ಒಂಬತ್ತು ವರ್ಷದಿಂದ ಕೇಳಿಸ್ಕೊಂಡಿದಾರಂತೆ. ವಿಡಿಯೋ ಬಂದ್ಮೇಲೆ ಬೇಜಾರಾಯ್ತು, ಅದು ನಿಮ್ಮಷ್ಟು ಚೆನ್ನಾಗಿ ಹೇಳಲ್ಲ ಅಂದ್ರು."

ವೇಯ್ ಕನ್ನಡಕ ತೆಗೆದರು. ಬೆಳಗ್ಗೆಯಿಂದ ಕುಣಿಯುತ್ತಿದ್ದ ಕಾಲು ನಿಂತಿತ್ತು. ಅಳುತ್ತಿದ್ದಾರೆ ಎಂದು ಜೋಂಗ್‌ಗೆ ತಡವಾಗಿ ಗೊತ್ತಾಯಿತು.

"ಒಂಬತ್ತು ವರ್ಷ," ಎಂದರು. "ಒಂದು ದಿನಾನೂ ಒಳಗೆ ಬಂದು ಕೂತ್ಕೊಳ್ಳಿ ಅನ್ನಲಿಲ್ಲ ನಾನು."

ಜೋಂಗ್ ಎದ್ದು ಹೋಗಿ ಒಂದು ಬಾಟಲಿ ನೀರು ತಂದು ಅವರ ಮುಂದಿಟ್ಟ. ವೇಯ್ ಅದರ ಚೀಟಿ ನೋಡಿದರು, ಮುಚ್ಚಳದ ಬಳೆಯ ಮೇಲೆ ಹೆಬ್ಬೆರಳಾಡಿಸಿದರು, ಆಮೇಲೆ ತಿರುಗಿಸಿದರು. ಯೂ-ಫೆಂಗ್ ಬಂಧನದ ವೇಳೆಯನ್ನು ದಿನಚರಿಯಲ್ಲಿ ದಾಖಲಿಸಿ, ಸಾಕ್ಷಿಗಳ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಅ-ಯಿನ್ ಹೆಸರು ಬರೆದರು.